ಊರಿನ ಹಳ್ಳಕ್ಕೆ ರೊಕ್ಕ ಎಲ್ಲಿಂದ ತರೋದು?

(ಈ ವಾರದ ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

ಹೋದ ವಾರ ಕಾಗವಾಡ ತಾಲ್ಲೂಕಿನ ಒಬ್ಬ ಕೇಳುಗ ವಾಯ್ಸ್ ನೋಟ್ ಕಳಿಸಿದ್ದ. ಹಿಂದೆ ಟ್ರ್ಯಾಕ್ಟರ್ ಸದ್ದು. ಅವನು ಹೇಳಿದ್ದು ಇಷ್ಟು:

"ಅಕ್ಕಾ, ನಮ್ಮೂರ ಹಳ್ಳ ಹೂಳು ತುಂಬಿ ಹೋಗೇತ್ರಿ. ಮಳಿ ಬಂದ್ರ ನೀರು ಅರ್ಧ ತಾಸಿನ್ಯಾಗ ಹರದ ಹೋಗತೈತಿ, ಒಂದ ಬಾವಿಗೂ ಇಳಿಯಂಗಿಲ್ಲ. ನಾವು ಹದಿನೆಂಟ ಹುಡುಗ್ರು ಅದೇವಿ, ಕೆಲಸ ಮಾಡಾಕ ತಯಾರ ಅದೇವಿ. ರೊಕ್ಕ ಯಾರ ಕೊಡ್ತಾರ, ಅಷ್ಟ ಹೇಳ್ರಿ."

ಈ "ಅಷ್ಟ ಹೇಳ್ರಿ" ಅನ್ನೋ ಮಾತು ಕೇಳಿ ನನಗೆ ನಗು ಬಂತು. ಯಾಕಂದ್ರೆ ನಾನೂ ಒಮ್ಮೆ ಇದೇ ಪ್ರಶ್ನೆ ಕೇಳ್ತಾ ಓಡಾಡಿದ್ದೆ. ನನಗೆ ರೊಕ್ಕ ಸಿಕ್ಕಿತ್ತು ಕೂಡ. ಆದರೂ ಕೆಲಸ ಕೆಟ್ಟಿತು. ಮೊದಲು ಆ ಕಥೆ ಹೇಳಿಬಿಡ್ತೀನಿ.

ನನ್ನೂರು ರಾಯಬಾಗ ತಾಲ್ಲೂಕಿನಲ್ಲಿದೆ. ಕೆಲವು ವರ್ಷದ ಹಿಂದೆ ನಾವು ಹತ್ತು ಹನ್ನೆರಡು ಜನ ಸೇರಿ ಊರ ಗಾಯರಾಣದ ಅಂಚಿಗೆ 300 ಸಸಿ ಹಚ್ಚಿದ್ವಿ. ದೊಡ್ಡ ಊರಿನ ಒಂದು ಸಂಸ್ಥೆ ದುಡ್ಡು ಕೊಟ್ಟಿತ್ತು. ಗುಂಡಿಗೆ ಇಷ್ಟು, ಸಸಿಗೆ ಇಷ್ಟು, ಬ್ಯಾನರ್‌ಗೆ ಇಷ್ಟು ಅಂತ ಲೆಕ್ಕ. ಜೂನ್ 5ಕ್ಕೆ ಫೋಟೋ ತೆಗೆದು ಕಳಿಸಿದ್ವಿ, ಅವರೂ ಖುಷಿ, ನಾವೂ ಖುಷಿ. ಮುಂದಿನ ಬೇಸಿಗೆಗೆ ನೀರಿನ ಟ್ಯಾಂಕರ್‌ಗೆ ರೊಕ್ಕ ಕೇಳಿದಾಗ "ಅದು ನಮ್ಮ ಬಜೆಟ್‌ನಲ್ಲಿ ಬರೋದಿಲ್ಲ" ಅಂದ್ರು. ಬೇಲಿ ಇರಲಿಲ್ಲ, ಕುರಿ ಬಂದವು. ಮೇ ತಿಂಗಳಲ್ಲಿ ನಾನೇ ಹೋಗಿ ಎಣಿಸಿದೆ. ಉಳಿದಿದ್ದು ನಲವತ್ತಕ್ಕೂ ಕಡಿಮೆ. ಅದಾದ ಮೇಲೆ ಊರಲ್ಲಿ ಯಾರ ಮನೆಗೆ ಹೋದರೂ ಹಿರಿಯರು ಕೇಳೋರು: "ಏನವಾ, ಈ ವರ್ಷನೂ ಫೋಟೋ ತೆಗಿಯೋದು ಐತೇನು?"

ಆವತ್ತು ನನಗೆ ಗೊತ್ತಾಗಿದ್ದು ಒಂದೇ ವಿಷಯ. ಇವತ್ತಿನ ಇಡೀ ಸಂಚಿಕೆ ಅದರ ಮೇಲೇ ಇದೆ. ಹೊರಗಿನಿಂದ ಬರುವ ಪ್ರತಿ ರೂಪಾಯಿಗೂ ಒಂದು ಹೆಸರು ಅಂಟಿರುತ್ತೆ. ಇದು ಕೂಲಿಗೆ, ಇದು ಕುಡಿಯುವ ನೀರಿಗೆ, ಇದು ಸಸಿಗೆ. ಹೆಸರಿಗೆ ಹೊಂದುವ ಕೆಲಸಕ್ಕೆ ಅದು ಸಿಗುತ್ತೆ. ಎಲ್ಲಾ ಹೆಸರೂ ಸೇರಿಸಿದ ಮೇಲೂ ಕೆಲವು ಖರ್ಚು ಯಾರ ಲೆಕ್ಕಕ್ಕೂ ಬರದೆ ಉಳಿಯುತ್ತವೆ: ನೀರು ಹಾಕೋದು, ಕಾಯೋದು, ಮುಂದಿನ ವರ್ಷ ಮತ್ತೆ ಹೂಳು ತೆಗೆಯೋದು. ಊರಿನ ಸ್ವಂತ ರೊಕ್ಕವನ್ನು ಅದಕ್ಕೆ ಕಾಯ್ದಿಡಬೇಕು. ನಾವು ಅದನ್ನ ಮಾಡಿರಲಿಲ್ಲ.

ಐದು ತಾಲ್ಲೂಕು, ನೀರಿನ ಎರಡು ತೊಂದರೆ

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ. ಬೆಂಗಳೂರಿನವರು ಕೇಳ್ತಾರೆ, "ನಿಮ್ಮಲ್ಲಿ ಕೃಷ್ಣಾ ನದಿ ಇದೆಯಲ್ಲ, ಕಬ್ಬು ಇದೆಯಲ್ಲ, ಏನು ಕಡಿಮೆ?" ಅಂತ. ಹೊಳೆ ದಂಡೆಯಲ್ಲಿ ಇರೋರಿಗೆ ಗೊತ್ತು. ಕೃಷ್ಣಾ, ದೂಧಗಂಗಾ, ವೇದಗಂಗಾ ಮೂರೂ ತುಂಬಿ ಬಂದ 2019ರ ಆಗಸ್ಟ್, 2021ರ ಜುಲೈ ಯಾರೂ ಮರೆತಿಲ್ಲ. ವರ್ಷಾನುಗಟ್ಟಲೆ ಕಬ್ಬಿಗೆ ನೀರು ಬಿಟ್ಟೂ ಬಿಟ್ಟೂ ಸವಳು-ಜವಳಾದ ಹೊಲ ಅಲ್ಲೇ ಇವೆ. ಅದೇ ಅಥಣಿಯಿಂದ ಪೂರ್ವಕ್ಕೆ ತೆಲಸಂಗದ ಕಡೆ ಹೋಗಿ, ಬೇಸಿಗೆಯಲ್ಲಿ ಟ್ಯಾಂಕರ್ ದಾರಿ ಕಾಯ್ತಾರೆ. ಒಂದೇ ತಾಲ್ಲೂಕಿನಲ್ಲಿ ಒಂದು ಕಡೆ ನೀರು ಹೆಚ್ಚಾಗಿ ಭೂಮಿ ಹಾಳು, ಇನ್ನೊಂದು ಕಡೆ ನೀರಿಲ್ಲದೆ ಹಾಳು.

ಅದಕ್ಕೇ "ಪರಿಸರಕ್ಕೆ ರೊಕ್ಕ ಕೊಡ್ರಿ" ಅಂತ ಅರ್ಜಿ ಬರೆದರೆ ಕೆಲಸ ಆಗೋದಿಲ್ಲ. ಯಾವ ಹಳ್ಳ, ಎಷ್ಟು ಉದ್ದ, ಯಾರ ಜಾಗ, ಯಾವ ಕೆಲಸ ಅಂತ ಬರೆಯಬೇಕು.

ಮೊದಲ ಪ್ರಶ್ನೆ: ಜಾಗ ಯಾರದು?

ರೊಕ್ಕ ಹುಡುಕೋಕೆ ಮುಂಚೆ ಸರ್ವೆ ನಂಬರ್ ಹುಡುಕಿ. ಉತಾರ ತೆಗೆಸಿ ನೋಡಿ. ಗಾಯರಾಣ ಇರಬಹುದು, ಅರಣ್ಯ ಇಲಾಖೆ ಜಾಗ ಇರಬಹುದು, ಯಾರದೋ ಪಟ್ಟಾ ಭೂಮಿ ಇರಬಹುದು. ಕೆರೆ ಆದರೆ ಇನ್ನೊಂದು ಲೆಕ್ಕ ಇದೆ. 40 ಹೆಕ್ಟೇರ್‌ಗಿಂತ ಕಡಿಮೆ ಅಚ್ಚುಕಟ್ಟಿನ ಸಣ್ಣ ಕೆರೆಗಳು ಪಂಚಾಯತ್ ರಾಜ್ ವ್ಯವಸ್ಥೆಯ ಕೆಳಗೆ, 40ರಿಂದ 2000 ಹೆಕ್ಟೇರ್ ಇರುವವು ಸಣ್ಣ ನೀರಾವರಿ ಇಲಾಖೆಯ ಕೆಳಗೆ ಬರ್ತವೆ. ತಪ್ಪು ಕಚೇರಿಗೆ ಅರ್ಜಿ ಕೊಟ್ಟರೆ ಆರು ತಿಂಗಳು ಹಾಗೇ ಹೋಗುತ್ತೆ. ಕಾಗವಾಡ, ನಿಪ್ಪಾಣಿ ಹೊಸ ತಾಲ್ಲೂಕುಗಳು. ಹಳೆಯ ಕಾಗದ ಇನ್ನೂ ಅಥಣಿಯಲ್ಲೋ ಚಿಕ್ಕೋಡಿಯಲ್ಲೋ ಇದೆಯಾ ಅಂತಾನೂ ವಿಚಾರಿಸಿ.

ಎರಡನೆಯದು: ಪಂಚಾಯ್ತಿಯ ಚೀಲ

ನಮ್ಮ ಹುಡುಗರು ಮೊದಲು ಗೂಗಲ್‌ನಲ್ಲಿ ದೆಹಲಿ, ಮುಂಬೈ ಸಂಸ್ಥೆ ಹುಡುಕ್ತಾರೆ. ಮನೆಯಿಂದ ಕೂಗಳತೆಯಲ್ಲಿರೋ ಪಂಚಾಯ್ತಿಗೆ ಕೊನೆಗೆ ಹೋಗ್ತಾರೆ. ಇದನ್ನ ಉಲ್ಟಾ ಮಾಡಿ.

ಪಂಚಾಯ್ತಿಗೆ ಕೇಂದ್ರ ಹಣಕಾಸು ಆಯೋಗದ ಅನುದಾನ ಬರುತ್ತೆ. 15ನೇ ಆಯೋಗದ ಕಾಲದಲ್ಲಿ, ಅಂದ್ರೆ 2021ರಿಂದ 2026ರವರೆಗೆ, ಅದರಲ್ಲಿ 60% ಹಣಕ್ಕೆ ಹೆಸರು ಅಂಟಿಸಲಾಗಿತ್ತು: ಅರ್ಧ ಕುಡಿಯುವ ನೀರು, ಮಳೆನೀರು ಸಂಗ್ರಹ, ನೀರಿನ ಮರುಬಳಕೆಗೆ, ಇನ್ನರ್ಧ ನೈರ್ಮಲ್ಯಕ್ಕೆ. ಉಳಿದ 40% ಊರಿನ ಬೇರೆ ಅಗತ್ಯಗಳಿಗೆ. 2026ರ ಏಪ್ರಿಲ್‌ನಿಂದ 16ನೇ ಆಯೋಗದ ಅವಧಿ. ಹೊಸ ನಿಯಮದ ಪ್ರತಿಯನ್ನು ಪಿಡಿಒ ಹತ್ತಿರ ಕೇಳಿ ಓದಿ. ಈಗ ಅದೇ ವ್ಯತ್ಯಾಸ ನೋಡಿ. "ಹಳ್ಳ ಚಂದ ಮಾಡ್ರಿ" ಅಂದರೆ ಯಾವ ಹೆಸರಿಗೂ ಹೊಂದೋದಿಲ್ಲ. "ಕುಡಿಯುವ ನೀರಿನ ಬಾವಿಗೆ ಮಳೆನೀರು ಇಂಗಿಸುವ ಕೆಲಸ" ಅಂದರೆ ಹೊಂದುತ್ತೆ. ಕೆಲಸ ಅದೇ, ಬರೆಯೋ ರೀತಿ ಬೇರೆ. ಆದರೆ ಬರೆದದ್ದು ನಿಜ ಇರಬೇಕು. ಹತ್ತಿರ ಬಾವಿ ಇರಲೇಬೇಕು.

ನಿಮ್ಮ ಪಂಚಾಯ್ತಿ ಏನು ಯೋಜನೆ ಹಾಕಿದೆ, ಎಷ್ಟು ಖರ್ಚು ಮಾಡಿದೆ ಅಂತ ನೋಡೋಕೆ ಯಾರ ಕೈಕಾಲೂ ಹಿಡಿಯಬೇಕಾಗಿಲ್ಲ. ಇ-ಗ್ರಾಮಸ್ವರಾಜ್ ವೆಬ್‌ಸೈಟ್, ಮೇರಿ ಪಂಚಾಯತ್ ಆ್ಯಪ್ ಎರಡೂ ಫೋನ್‌ನಲ್ಲೇ ತೆರೆಯುತ್ತವೆ. ಅಲ್ಲಿ ಸಿಗದಿದ್ದರೆ ಮಾಹಿತಿ ಹಕ್ಕು ಅರ್ಜಿ ಹಾಕಿ, 10 ರೂಪಾಯಿ ಶುಲ್ಕ.

ನೆನಪಿಡಿ: ಕೆಲಸ ಕ್ರಿಯಾಯೋಜನೆಯಲ್ಲಿ ಇಲ್ಲದಿದ್ದರೆ ಪಿಡಿಒಗೆ ಮನಸ್ಸಿದ್ದರೂ ಬಿಲ್ ಮಾಡೋಕೆ ಬರೋದಿಲ್ಲ. ಕ್ರಿಯಾಯೋಜನೆಗೆ ಸೇರಬೇಕಾದರೆ ವಾರ್ಡ್ ಸಭೆಯಲ್ಲಿ ಹೇಳಬೇಕು, ಗ್ರಾಮಸಭೆಯಲ್ಲಿ ಠರಾವು ಆಗಬೇಕು. ಹದಿನೆಂಟು ಹುಡುಗರು ಹದಿನೆಂಟು ಸ್ಟೇಟಸ್ ಹಾಕೋದಕ್ಕಿಂತ, ತಾಯಂದಿರನ್ನ ಕರ್ಕೊಂಡು ಗ್ರಾಮಸಭೆಯಲ್ಲಿ ಹೋಗಿ ಕೂತರೆ ಕೆಲಸ ಆಗುತ್ತೆ. ಠರಾವು ಪುಸ್ತಕದಲ್ಲಿ ಬರೆದ ಮೇಲೆ ಆ ಪುಟದ ನಕಲು ತಗೊಳ್ಳಿ. ಮುಂದೆ ಯಾರ ಹತ್ತಿರ ಹೋದರೂ ಅದೇ ನಿಮ್ಮ ಮೊದಲ ಕಾಗದ.

ಕೂಲಿಯ ರೊಕ್ಕ

ಬದು ಹಾಕೋದು, ನಾಲಾ ಹೂಳೆತ್ತೋದು, ಚೆಕ್ ಡ್ಯಾಂ, ಗಿಡ ನೆಡೋದು, ಇವಕ್ಕೆ ಇಷ್ಟು ವರ್ಷ ದೊಡ್ಡ ಆಧಾರ ನರೇಗಾ. 2005ರ ಆ ಕಾನೂನಿನಲ್ಲಿ ಖರ್ಚಿನ ಕನಿಷ್ಠ 60% ಕೂಲಿಗೆ ಹೋಗಬೇಕು, ಗುತ್ತಿಗೆದಾರರಿಗೆ ಅವಕಾಶ ಇಲ್ಲ. 2025ರ ಡಿಸೆಂಬರ್‌ನಲ್ಲಿ ಸಂಸತ್ತು ಅದರ ಜಾಗಕ್ಕೆ ವಿಬಿ-ಜಿ ರಾಮ್ ಜಿ ಅನ್ನೋ ಹೊಸ ಕಾನೂನು ತಂದಿತು. ಅದರಲ್ಲಿ 100 ದಿನದ ಬದಲು 125 ದಿನದ ಕೆಲಸದ ಮಾತಿದೆ, ಆದರೆ ಕೇಂದ್ರ-ರಾಜ್ಯ 60:40ರ ಪ್ರಮಾಣದಲ್ಲಿ ಖರ್ಚು ಹೊರಬೇಕು. ಈ ಬದಲಾವಣೆಗೆ ದೊಡ್ಡ ವಿರೋಧವೂ ಬಂದಿದೆ. ನಮ್ಮ ಕೆಲಸದ ಮಟ್ಟಿಗೆ ಮುಖ್ಯವಾದದ್ದು: ಹೊಸ ಕಾನೂನಿನಲ್ಲೂ ನೀರಿನ ಭದ್ರತೆ ಮೊದಲ ಸಾಲಿನ ಕೆಲಸಗಳಲ್ಲಿದೆ. ನಿಮ್ಮ ಪಂಚಾಯ್ತಿಯಲ್ಲಿ ಈಗ ಯಾವ ಕಾನೂನಿನ ಕೆಳಗೆ ಕಾಮಗಾರಿ ತಗೊಳ್ತಿದ್ದಾರೆ ಅಂತ ಕೇಳಿ, ಅದರ ಮೇಲೆ ಅರ್ಜಿ ಬರೆಯಿರಿ.

ಕೂಲಿ ರೊಕ್ಕ ನಿಮ್ಮ ಯುವಕ ಸಂಘದ ಖಾತೆಗೆ ಬರೋದಿಲ್ಲ, ಕೆಲಸ ಮಾಡಿದವರ ಖಾತೆಗೆ ಹೋಗುತ್ತೆ. ಕೆಲವರಿಗೆ ಇದು ನಿರಾಸೆ. ನನಗೆ ಇದೇ ಒಳ್ಳೇದು ಅನ್ಸುತ್ತೆ. ಕಬ್ಬಿನ ಸೀಸನ್ ಮುಗಿದ ಮೇಲೆ ಊರಲ್ಲೇ ಕೂಲಿ ಸಿಕ್ಕರೆ ಆ ಮನೆಯವರು ಹಳ್ಳವನ್ನ ತಮ್ಮದು ಅಂದ್ಕೊಳ್ತಾರೆ.

2022ರ ಏಪ್ರಿಲ್ 24ಕ್ಕೆ ಶುರುವಾದ ಅಮೃತ ಸರೋವರ ಯೋಜನೆ ನೆನಪಿದೆಯಾ? ಜಿಲ್ಲೆಗೆ 75 ಕೆರೆ ಅಂತ ಗುರಿ ಇತ್ತು. ಅದಕ್ಕೆ ಅಂತ ಬೇರೆ ದುಡ್ಡೇ ಇರಲಿಲ್ಲ. ನರೇಗಾ, ಹಣಕಾಸು ಆಯೋಗ, ಜಲಾನಯನ ಯೋಜನೆ, ದಾನಿಗಳ ಹಣ, ಎಲ್ಲಾ ಸೇರಿಸಿ ಮಾಡಿ ಅಂತಾನೇ ನಿಯಮ. ಸರ್ಕಾರವೇ ನಾಲ್ಕು ಚೀಲದಿಂದ ಕೂಡಿಸ್ತಿರೋವಾಗ ನಮಗೆ ಒಬ್ಬ ದಾನಿಯೇ ಎಲ್ಲಾ ಕೊಡಲಿ ಅಂತ ಕಾಯೋದು ಸರಿಯಲ್ಲ.

ಗಿಡಕ್ಕೆ ರೊಕ್ಕ, ಉಳಿದರೆ ಮಾತ್ರ

ಅರಣ್ಯ ಇಲಾಖೆಯ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆ ನನಗೆ ಬಹಳ ಇಷ್ಟ. ರೈತ ಇಲಾಖೆಯ ನರ್ಸರಿಯಿಂದ ಸಸಿ ತಂದು ತನ್ನ ಹೊಲದಲ್ಲಿ ಹಚ್ಚಬೇಕು. ಬದುಕಿ ಉಳಿದ ಪ್ರತಿ ಸಸಿಗೆ ಮೊದಲ ವರ್ಷ 35, ಎರಡನೇ ವರ್ಷ 40, ಮೂರನೇ ವರ್ಷ 50, ಒಟ್ಟು 125 ರೂಪಾಯಿ ಪ್ರೋತ್ಸಾಹಧನ. ಸತ್ತ ಸಸಿಗೆ ಏನೂ ಇಲ್ಲ. ನಮ್ಮ 300 ಸಸಿಗೂ ಹೀಗೇ ಲೆಕ್ಕ ಇದ್ದಿದ್ರೆ ನಾವು ಬ್ಯಾನರ್ ಬಿಟ್ಟು ಬೇಲಿ ಕಟ್ತಿದ್ವಿ. ಹಳ್ಳದ ಎರಡೂ ದಂಡೆಯ ರೈತರನ್ನು ಒಪ್ಪಿಸಿ ಅವರವರ ಬದುವಿನ ಮೇಲೆ ಹೊಂಗೆ, ಬೇವು, ಹುಣಸೆ ಹಚ್ಚಿಸಿದರೆ, ಕಾಯೋ ಆಳು ಪುಕ್ಕಟೆ ಸಿಕ್ಕಂತೆ. ಅವರ ಗಿಡ ಅವರೇ ಕಾಯ್ತಾರೆ.

ಎಂಎಲ್‌ಎ, ಎಂಪಿ ನಿಧಿ

ಸಂಸದರಿಗೆ ವರ್ಷಕ್ಕೆ 5 ಕೋಟಿ, ಕರ್ನಾಟಕದ ಶಾಸಕರಿಗೆ 2 ಕೋಟಿ ಕ್ಷೇತ್ರ ನಿಧಿ. ಕೇಳೋಕೆ ದೊಡ್ಡದು. ಆದರೆ ಚಿಕ್ಕೋಡಿ ಲೋಕಸಭಾ ಕ್ಷೇತ್ರದಲ್ಲಿ ಎಂಟು ವಿಧಾನಸಭಾ ಕ್ಷೇತ್ರಗಳಿವೆ. 5 ಕೋಟಿಯನ್ನು ಎಂಟಕ್ಕೆ ಹಂಚಿ, ಆಮೇಲೆ ಹಳ್ಳಿಗಳಿಗೆ ಹಂಚಿ ನೋಡಿ. ಈ ನಿಧಿ ಬಾಳಿಕೆ ಬರುವ ಸಾರ್ವಜನಿಕ ಆಸ್ತಿಗೆ: ಚೆಕ್ ಡ್ಯಾಂ ಆಗುತ್ತೆ, ನೀರು ಹಾಕುವವನ ಸಂಬಳ ಆಗೋದಿಲ್ಲ. ಜನಪ್ರತಿನಿಧಿ ಶಿಫಾರಸು ಮಾಡ್ತಾರೆ, ಮಂಜೂರು ಮಾಡೋದು ಜಿಲ್ಲಾಡಳಿತ. ಹಾಗಾಗಿ ಮನವಿ ಜೊತೆ ಠರಾವಿನ ನಕಲು, ಎಂಜಿನಿಯರ್ ಮಾಡಿದ ಎಸ್ಟಿಮೇಟ್ ಇದ್ದರೆ ಮಾತ್ರ ಕಾಗದ ಮುಂದೆ ಹೋಗುತ್ತೆ.

ಸಕ್ಕರೆ ಕಾರ್ಖಾನೆ ಮತ್ತು ಸಿಎಸ್‌ಆರ್

ನಮ್ಮ ಕಡೆ ಎಲ್ಲರೂ ಹೇಳೋ ಮಾತು: "ಇಷ್ಟು ಫ್ಯಾಕ್ಟರಿ ಅದಾವು, ಸಿಎಸ್‌ಆರ್ ಕೇಳ್ರಿ." ಇಲ್ಲಿ ಒಂದು ಗೊಂದಲ ಇದೆ. 2013ರ ಕಂಪನಿ ಕಾಯ್ದೆಯ 135ನೇ ಕಲಂ ಅನ್ವಯ ಆಗೋದು ಕಂಪನಿಗಳಿಗೆ. ನಿವ್ವಳ ಮೌಲ್ಯ 500 ಕೋಟಿ, ಇಲ್ಲವೇ ವಹಿವಾಟು 1000 ಕೋಟಿ, ಇಲ್ಲವೇ ನಿವ್ವಳ ಲಾಭ 5 ಕೋಟಿ, ಇವುಗಳಲ್ಲಿ ಒಂದಾದರೂ ಮುಟ್ಟಿದ ಕಂಪನಿ, ಹಿಂದಿನ ಮೂರು ವರ್ಷದ ಸರಾಸರಿ ಲಾಭದ 2% ಖರ್ಚು ಮಾಡಬೇಕು. ಉಗಾರದ ಕಾರ್ಖಾನೆ ಕಂಪನಿ. ಚಿಕ್ಕೋಡಿಯ ದೂಧಗಂಗಾ ಕೃಷ್ಣಾ ಸಹಕಾರಿ ಕಾರ್ಖಾನೆ ಹೆಸರೇ ಹೇಳುವಂತೆ ಸಹಕಾರ ಸಂಘ. ಸಹಕಾರಿ ಕಾರ್ಖಾನೆಯವರು "ನಮಗೆ ಸಿಎಸ್‌ಆರ್ ಬರಂಗಿಲ್ಲ" ಅಂದರೆ ಅದು ಸುಳ್ಳಲ್ಲ. ಅಲ್ಲಿ ರೊಕ್ಕ ಕೇಳಬೇಡಿ, ಎರಡು ದಿನಕ್ಕೆ ಜೆಸಿಬಿ ಕೇಳಿ. ನೀವೇ ಷೇರುದಾರರ ಮಕ್ಕಳು, ಕೇಳೋಕೆ ಹಕ್ಕಿದೆ.

ಕಂಪನಿ ಆದರೆ ಅದರ ವಾರ್ಷಿಕ ವರದಿ ತೆರೆದು ಸಿಎಸ್‌ಆರ್ ಪುಟ ಓದಿ. ಆ ವರ್ಷ ಎಷ್ಟು ಕೊಡಬೇಕಿತ್ತು, ಯಾವ ಊರಿಗೆ ಕೊಟ್ಟರು ಅಲ್ಲೇ ಇರುತ್ತೆ. ನಷ್ಟದಲ್ಲಿರೋ ಕಂಪನಿಯ ಬಾಗಿಲು ತಟ್ಟಿ ಪ್ರಯೋಜನ ಇಲ್ಲ. ಇನ್ನೊಂದು ತೊಡಕು: ಕಂಪನಿಯ ಪರವಾಗಿ ಕೆಲಸ ಮಾಡೋ ಸಂಸ್ಥೆಗೆ 12ಎ, 80ಜಿ ನೋಂದಣಿ, ಸಿಎಸ್‌ಆರ್-1 ನಂಬರ್, ಮೂರು ವರ್ಷದ ಅನುಭವ ಬೇಕು. ಏಳು ಜನ ಸೇರಿದರೆ ಕರ್ನಾಟಕದಲ್ಲಿ ಸಂಘ ನೋಂದಾಯಿಸಬಹುದು, ಆದರೆ ಮೂರು ವರ್ಷದ ಅನುಭವ ನಾಳೆ ಬೆಳಿಗ್ಗೆ ಸಿಗೋದಿಲ್ಲ. ಅದಕ್ಕೆ ಈಗಾಗಲೇ ಇರುವ ಒಂದು ಒಳ್ಳೆ ಸಂಸ್ಥೆಯ ಜೊತೆ ಸೇರಿ, ಇಲ್ಲವೇ ಕಂಪನಿಯೇ ನೇರವಾಗಿ ಮಾಡಲಿ ಅಂತ ಕೇಳಿ.

ಮೊದಲು ನಿಮ್ಮ ಬೆವರು ನೋಡುವವರು

ನಬಾರ್ಡ್‌ನ ಜಲಾನಯನ ನಿಧಿ, ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ "ನಮ್ಮೂರು ನಮ್ಮ ಕೆರೆ", ಇವೆರಡರಲ್ಲೂ ಒಂದು ಹೋಲಿಕೆ ಇದೆ. ನಬಾರ್ಡ್ ಊರಲ್ಲಿ ಜಲಾನಯನ ಸಮಿತಿ ಮಾಡಿ, ಶ್ರಮದಾನ ಮಾಡಿ ತೋರಿಸಿ ಅನ್ನುತ್ತೆ. ಇನ್ನೊಂದರಲ್ಲಿ ಊರಿನ ಕೆರೆ ಸಮಿತಿ ಮುಂದೆ ನಿಲ್ಲಬೇಕು, ಹೂಳನ್ನು ರೈತರೇ ತಮ್ಮ ಟ್ರ್ಯಾಕ್ಟರ್‌ನಲ್ಲಿ ಹೊಲಕ್ಕೆ ಒಯ್ಯಬೇಕು. ಗಡಿಯಾಚೆ ಮಹಾರಾಷ್ಟ್ರದಲ್ಲಿ ಪಾನಿ ಫೌಂಡೇಶನ್ 2016ರಲ್ಲಿ ವಾಟರ್ ಕಪ್ ಸ್ಪರ್ಧೆ ಶುರು ಮಾಡಿದಾಗಲೂ ಇದೇ: ಬಹುಮಾನ ಕೊನೆಗೆ, ಶ್ರಮದಾನ ಮೊದಲು. ಮೊದಲ ವರ್ಷದ ಬಹುಮಾನ 50 ಲಕ್ಷ ಸಾತಾರಾ ಜಿಲ್ಲೆಯ ವೇಳು ಅನ್ನೋ ಹಳ್ಳಿಗೆ ಹೋಯಿತು.

ಸವಳು-ಜವಳು ಹೊಲದ ಕಥೆ ಬೇರೆ. ಅಲ್ಲಿ ಕೆಲಸ ಆದ ಮೇಲೆ ರೈತನಿಗೇ ಆದಾಯ ಬರುತ್ತೆ. ನಮ್ಮ ಪಕ್ಕದ ಶಿರೋಳ ತಾಲ್ಲೂಕಿನಲ್ಲಿ ದತ್ತ ಸಹಕಾರಿ ಸಕ್ಕರೆ ಕಾರ್ಖಾನೆಯ ಮುಂದಾಳತ್ವದಲ್ಲಿ ರೈತರು ಒಟ್ಟಾಗಿ, ಬ್ಯಾಂಕ್ ಸಾಲ ತೆಗೆದು, ಭೂಮಿಯೊಳಗೆ ಪೈಪ್ ಹಾಕಿ ಉಪ್ಪುನೀರು ಬಸಿದು ಹೊರಹಾಕಿದ್ದಾರೆ. ಬೆಳೆ ಮತ್ತೆ ಬಂತು. ಆದಾಯ ತರುವ ಕೆಲಸಕ್ಕೆ ದಾನಕ್ಕಿಂತ ಸಾಲ ಬೇಗ ಸಿಗುತ್ತೆ. ಆದರೆ ಒಬ್ಬ ಬಿಟ್ಟು ಒಬ್ಬ ಹಾಕಿದರೆ ನಡೆಯೋದಿಲ್ಲ, ಪಕ್ಕದ ಹೊಲದವರೂ ಸೇರಬೇಕು.

ಕೊನೆಗೆ, ನಮ್ಮ ಪಟ್ಟಿ

ಜಾತ್ರೆಗೆ ಪಟ್ಟಿ ಎತ್ತೋದು ನಮಗೆ ಯಾರೂ ಕಲಿಸಬೇಕಾಗಿಲ್ಲ. ಹಳ್ಳಕ್ಕೆ ಎತ್ತೋದು ಕಷ್ಟ. ನಮ್ಮ ಕಾಕಾ ಒಂದು ಮಾತು ಹೇಳಿದ್ದರು: "ಜಾತ್ರಿ ರೊಕ್ಕಕ್ಕ ದೇವ್ರು ಲೆಕ್ಕ ಇಡ್ತಾನ ಅಂತ ಮಂದಿ ಸುಮ್ನಿರ್ತಾರ. ಹಳ್ಳದ ರೊಕ್ಕಕ್ಕ ನೀನ ಲೆಕ್ಕ ಇಡಬೇಕು."

ಅದಕ್ಕೆ ಮೂರು ಮಾತು. ಒಂದು, ಯಾರದೋ ಒಬ್ಬನ ಫೋನ್‌ಪೇ ನಂಬರ್‌ಗೆ ರೊಕ್ಕ ಹಾಕಿಸಬೇಡಿ. ಸಂಘದ ಹೆಸರಲ್ಲಿ ಖಾತೆ, ಇಬ್ಬರ ಸಹಿ, ಅದರಲ್ಲಿ ಒಬ್ಬರು ಹೆಣ್ಣುಮಕ್ಕಳು ಇರಲಿ. ಎರಡು, ಪ್ರತಿ ತಿಂಗಳ ಒಂದನೇ ತಾರೀಖು ಲೆಕ್ಕದ ಹಾಳೆ ಗುಡಿ ಗೋಡೆಗೆ ಅಂಟಿಸಿ, ವಾಟ್ಸ್‌ಆ್ಯಪ್‌ನಲ್ಲೂ ಹಾಕಿ. ಮೂರು, ಹೊರದೇಶದಲ್ಲಿರೋ ಊರಿನವರ ಹತ್ತಿರ ಕೇಳುವಾಗ ಎಚ್ಚರ. ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡವರು ತಮ್ಮ ಸ್ವಂತ ಉಳಿತಾಯದಿಂದ ಬ್ಯಾಂಕ್ ಮೂಲಕ ಕಳಿಸಿದರೆ ಅದು ವಿದೇಶಿ ದೇಣಿಗೆ ಅಲ್ಲ. ಅಲ್ಲಿನ ಪೌರತ್ವ ತಗೊಂಡವರು ಕಳಿಸಿದರೆ ಅದು ಎಫ್‌ಸಿಆರ್‌ಎ ಕಾನೂನಿಗೆ ಬರುತ್ತೆ. ಅನುಮತಿ ಇಲ್ಲದೆ ತಗೊಳ್ಳಬೇಡಿ.

ಈ ಪಟ್ಟಿಯ ರೊಕ್ಕವನ್ನ ಅಗೆಯೋಕೆ ಖರ್ಚು ಮಾಡಬೇಡಿ. ಅಗೆಯೋಕೆ ರೊಕ್ಕ ಕೊಡೋರು ಇದ್ದಾರೆ. ಬೇಸಿಗೆಯ ನೀರಿಗೆ, ಬೇಲಿಗೆ, ಎರಡನೇ ವರ್ಷದ ಹೂಳಿಗೆ ಅದನ್ನ ಇಡಿ.

ಇಷ್ಟನ್ನೂ ಆ ಕಾಗವಾಡದ ತಮ್ಮನಿಗೆ ಫೋನ್ ಮಾಡಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, "ಅಂದ್ರ ಅಕ್ಕಾ, ಒಬ್ಬರ ಕೊಡೋರು ಯಾರೂ ಇಲ್ಲ ಅಂದಂಗಾತು" ಅಂದ. ಹೌದು ಅಂದೆ. ಮೊನ್ನೆ ಮತ್ತೆ ವಾಯ್ಸ್ ನೋಟ್ ಬಂತು. ಉತಾರ ತೆಗೆಸಿದ್ದಾರೆ, ಹಳ್ಳದ ಅರ್ಧ ಭಾಗ ಸರ್ಕಾರಿ, ಇನ್ನರ್ಧ ಇಬ್ಬರು ರೈತರ ಹೊಲದಲ್ಲಿದೆ. ಒಬ್ಬರು ಒಪ್ಪಿದ್ದಾರೆ, ಇನ್ನೊಬ್ಬರು ಒಪ್ಪಿಲ್ಲ. ವಾರ್ಡ್ ಸಭೆ ಮುಂದಿನ ವಾರ ಇದೆ. ರೊಕ್ಕ ಇನ್ನೂ ಒಂದು ರೂಪಾಯಿ ಬಂದಿಲ್ಲ.

ಒಪ್ಪದ ಆ ರೈತರ ಮನೆಗೆ ಈ ಭಾನುವಾರ ಹುಡುಗರು ಹೋಗ್ತಾರಂತೆ. ಏನಾಯ್ತು ಅಂತ ಮುಂದೆ ಯಾವಾಗಾದರೂ ಹೇಳ್ತೀನಿ. ನಿಮ್ಮೂರ ಕೆರೆ, ಹಳ್ಳ, ಗಾಯರಾಣದ ಉತಾರ ನೀವೂ ತೆಗೆಸಿ, ಏನು ಸಿಕ್ತು ಅಂತ ನನಗೆ ವಾಯ್ಸ್ ನೋಟ್ ಕಳಿಸಿ. ಟ್ರ್ಯಾಕ್ಟರ್ ಸದ್ದು ಇದ್ದರೂ ಪರವಾಗಿಲ್ಲ.